20ರಿಂದ 18ಕ್ಕೆ: ತಗ್ಗಿಸಿದ ಒಂದು ಮಾಡೆಲ್ 3, ಒಳಗಿನಿಂದ ಸವೆದ ಅದರ ಟೈರು

ಕಾರು 2021ರ ಟೆಸ್ಲಾ ಮಾಡೆಲ್ 3 ಲಾಂಗ್ ರೇಂಜ್, ಮುಂದೊಂದು ಹಿಂದೊಂದು ಮೋಟಾರು ಇರುವ ಮಾದರಿ. ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅದು ತಯಾರಾದ ಕಾರ್ಖಾನೆಯೂ ಅದೇ ಊರಿನಲ್ಲಿದೆ. ಮಾಲೀಕರು ಕನ್ನಡಿಗರು, ವಾರದಲ್ಲಿ ನಾಲ್ಕು ದಿನ 880 ಹೆದ್ದಾರಿ ಹಿಡಿದು ಸ್ಯಾನ್ ಹೋಸೆಗೆ ಹೋಗಿ ಬರುವವರು. ಕಾರು ಬಂದದ್ದು 18 ಇಂಚಿನ ಏರೋ ಚಕ್ರಗಳ ಮೇಲೆ, ಅಂದರೆ ಗಾಳಿ ಸರಾಗವಾಗಿ ಸರಿಯಲೆಂದು ಮುಚ್ಚಳ ಹಾಕಿದ ಚಕ್ರಗಳ ಮೇಲೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಆ ವರ್ಷದ ಈ ಮಾದರಿಗೆ ಕೊಟ್ಟಿದ್ದ ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ, 353 ಮೈಲಿ.

ಎರಡನೇ ವರ್ಷ ಎರಡು ಬದಲಾವಣೆ ಒಟ್ಟಿಗೇ ಆದವು. 20 ಇಂಚಿನ ರಿಮ್ಮು, 9 ಇಂಚು ಅಗಲ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ) 30 ಮಿ.ಮೀ., ಅದರ ಮೇಲೆ 245/35 ಆರ್20 ಟೈರು: 245 ಮಿ.ಮೀ. ಅಗಲ, ಪಕ್ಕದ ಗೋಡೆ ಅದರ 35 ಶೇಕಡಾ, ರಿಮ್ಮು 20 ಇಂಚು. ಜೊತೆಗೆ ತಗ್ಗಿಸುವ ಸ್ಪ್ರಿಂಗು: ಮುಂದೆ 30 ಮಿ.ಮೀ., ಹಿಂದೆ 28. ಶಾಕ್ ಅಬ್ಸಾರ್ಬರ್ ಕಂಪನಿಯದೇ ಉಳಿಯಿತು. ಕೆಲಸ ಮಾಡಿದ ಅಂಗಡಿ ಮುಂದಿನ ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ಸರಿ ಮಾಡಿ ಕಳಿಸಿತು. ಕಾರು ನೋಡಲು ಚೆನ್ನಾಗಿಯೇ ಕಂಡಿತು. 9,000 ಮೈಲಿ, ಅಂದರೆ ಸುಮಾರು 14,500 ಕಿ.ಮೀ. ಓಡುವಷ್ಟರಲ್ಲಿ ಹಿಂದಿನ ಎರಡೂ ಟೈರು ಮುಗಿದಿದ್ದವು.

ದೂರುಗಳು ಬಿಡಿಬಿಡಿಯಾಗಿ ಬಂದವು

ಮೊದಲು ಬಂದದ್ದು ಸದ್ದು. ಗಂಟೆಗೆ 40ರಿಂದ 50 ಮೈಲಿ ವೇಗದಲ್ಲಿ ಹಿಂದಿನಿಂದ ಗುಂಯ್ ಎನ್ನುವ ಏಕನಾದ. ಪೆಟ್ರೋಲ್ ಕಾರಿನಲ್ಲಾದರೆ ಎಂಜಿನ್ ಸದ್ದಿನಡಿ ಮುಚ್ಚಿಹೋಗುತ್ತಿತ್ತು. ವಿದ್ಯುತ್ ಕಾರಿನಲ್ಲಿ ಮುಚ್ಚಿಹಾಕಲು ಬೇರೆ ಸದ್ದೇ ಇಲ್ಲ. ಒಂದು ಗ್ಯಾರೇಜಿನಲ್ಲಿ ವೀಲ್ ಬೇರಿಂಗ್ ಹೋಗಿದೆ ಎಂದು ಹಿಂದಿನ ಎಡಗಡೆಯದನ್ನು ಬದಲಿಸಿದರು. ಸದ್ದು ಹಾಗೆಯೇ ಉಳಿಯಿತು.

ಎರಡನೆಯದು ರೇಂಜ್. ಮೈಲಿಗೆ 255 ವ್ಯಾಟ್-ಅವರ್ ತಿನ್ನುತ್ತಿದ್ದ ಕಾರು ಅದೇ ದಾರಿ, ಅದೇ ವೇಗದಲ್ಲಿ 290 ತಿನ್ನತೊಡಗಿತು. ಮೂರನೆಯದು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮನೆಯ ಡ್ರೈವ್‌ವೇ ಏರುವಾಗ ಮುಂದಿನ ಬಲ ಚಕ್ರ ಮಡ್‌ಗಾರ್ಡಿನ ಒಳಹೊದಿಕೆಯಾದ ಲೈನರಿಗೆ ಉಜ್ಜುವುದು. ನಾಲ್ಕನೆಯದು ರಸ್ತೆ ತಗ್ಗಿಗಿಳಿದು ಏಳುವ ಕಡೆ ಮುಂಭಾಗ 'ಧಡ್' ಎಂದು ಕುಕ್ಕುವುದು. ಐದನೆಯದನ್ನು ಮಾಲೀಕರು ದೂರು ಎಂದು ಎಣಿಸಿಯೇ ಇರಲಿಲ್ಲ: ಹೊಸ ಚಕ್ರ ಹಾಕಿದ ದಿನದಿಂದ ಟೈರ್ ಒತ್ತಡದ ಹಳದಿ ದೀಪ ಆರಿರಲಿಲ್ಲ.

ಈ ಐದಕ್ಕೂ ಬೇರು ಹೆಚ್ಚುಕಡಿಮೆ ಒಂದೇ. ಚಕ್ರದ ಅಳತೆಯನ್ನೂ ಕಾರಿನ ಎತ್ತರವನ್ನೂ ಎರಡು ಬೇರೆ ಬೇರೆ ಶೃಂಗಾರ ಎಂದು ನೋಡಲಾಗಿತ್ತು. ಸಸ್ಪೆನ್ಷನ್ನಿಗೆ ಅವು ಎರಡಲ್ಲ, ಒಂದೇ ರೇಖಾಗಣಿತ.

ಕೈಗೆ ಸಿಕ್ಕಿದ ಸಾಕ್ಷಿ

ತಗ್ಗಿಸಿದ ಕಾರಿನಲ್ಲಿ ಹಿಂದಿನ ಟೈರನ್ನು ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊರ ಅಂಚು ಹೊಸದರ ಹಾಗೆ ಕಾಣುತ್ತದೆ. ಸವೆತ ಇರುವುದು ಒಳ ಅಂಚಿನಲ್ಲಿ, ಕಾರಿನ ಹೊಟ್ಟೆಯ ಕಡೆಗೆ. ಮಂಡಿಯೂರಿ, ಟೈರಿನ ಹಿಂದಿನಿಂದ ಕೈ ತೂರಿಸಿ, ಅಂಗೈಯನ್ನು ನೆಲಕ್ಕೆ ತಾಗುವ ಗೀರುಗಳ ಮೈಯಾದ ಟ್ರೆಡ್ಡಿನ ಮೇಲೆ ಅಡ್ಡಕ್ಕೆ ಆಡಿಸಬೇಕು: ಒಮ್ಮೆ ಹೊರಗಿನಿಂದ ಒಳಗೆ, ಒಮ್ಮೆ ಒಳಗಿನಿಂದ ಹೊರಗೆ. ಒಂದು ದಿಕ್ಕಿಗೆ ನುಣುಪಾಗಿ ಜಾರಿ ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಡೆದರೆ ಅದು ಟೋ ತಪ್ಪಿರುವ ಗುರುತು. ಎರಡೂ ದಿಕ್ಕಿಗೆ ನುಣುಪಾಗಿದ್ದು ಒಳ ಅಂಚು ಮಾತ್ರ ತೆಳುವಾಗಿದ್ದರೆ ಕ್ಯಾಂಬರಿನ, ಅಂದರೆ ಚಕ್ರದ ನೆತ್ತಿ ಒಳಕ್ಕೋ (ಮೈನಸ್) ಹೊರಕ್ಕೋ ವಾಲಿರುವ ಕೋನದ, ಪಾಲು ಹೆಚ್ಚು. ಈ ಕಾರಿನಲ್ಲಿ ಹಲ್ಲು ಸ್ಪಷ್ಟವಾಗಿ ಸಿಕ್ಕಿತು. ಹೊರ ಅಂಚಿನಲ್ಲಿ 5 ಮಿ.ಮೀ. ಟ್ರೆಡ್, ಒಳ ಅಂಚಿನಲ್ಲಿ 1.5. ಟೈರು ತೆಗೆದುಹಾಕಬೇಕಾದ ಮಿತಿ 1.6. ಗುಂಯ್ ಎನ್ನುತ್ತಿದ್ದದ್ದು ಈ ಹಲ್ಲುಗಳೇ. ಬೇರಿಂಗಿನ ತಪ್ಪೇನೂ ಇರಲಿಲ್ಲ.

ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಯಂತ್ರಕ್ಕೆ ಏರಿಸಿದಾಗ ಹಿಂದಿನ ಕ್ಯಾಂಬರ್ ಎರಡೂ ಕಡೆ ಮೈನಸ್ 2.6 ಡಿಗ್ರಿಯ ಆಸುಪಾಸು. ಟೋ ಎಡಕ್ಕೆ 0.38, ಬಲಕ್ಕೆ 0.30 ಡಿಗ್ರಿ ಒಳಮುಖ. ನೋಡಿದವರೆಲ್ಲ ಮೊದಲು ಬೆಚ್ಚುವುದು ಕ್ಯಾಂಬರಿನ ಅಂಕಿಗೆ, ಏಕೆಂದರೆ ಅದು ದೊಡ್ಡದು. ಟೈರು ತಿನ್ನುವುದು ಮಾತ್ರ ಹೆಚ್ಚಾಗಿ ಟೋ. ಲೆಕ್ಕ ಸರಳ. ಎರಡೂ ಚಕ್ರ ಸರಾಸರಿ 0.34 ಡಿಗ್ರಿ ಒಳಕ್ಕೆ ತಿರುಗಿ ನೇರ ರಸ್ತೆಯಲ್ಲಿ ಓಡಿದರೆ, ಪ್ರತಿ ಕಿಲೋಮೀಟರಿಗೆ ಒಂದೊಂದು ಟೈರೂ ಸುಮಾರು 5.9 ಮೀಟರ್ ಅಡ್ಡಕ್ಕೆ ಎಳೆದಾಡಿಸಿಕೊಳ್ಳುತ್ತದೆ. 14,500 ಕಿ.ಮೀ.ಗೆ ಅದು ಸುಮಾರು 86 ಕಿ.ಮೀ. ಉರುಳದ ಟೈರನ್ನು ಡಾಂಬರಿನ ಮೇಲೆ ಅಷ್ಟು ದೂರ ಅಡ್ಡಕ್ಕೆ ಉಜ್ಜಿದ ಹಾಗೆ. ಕ್ಯಾಂಬರ್ ಮಾಡುವುದು ಆ ಉಜ್ಜಾಟವನ್ನೆಲ್ಲ ಒಳ ಅಂಚಿನ ಮೇಲೆ ತಂದು ನಿಲ್ಲಿಸುವುದು. ಎರಡೂ ಸೇರಿದರೆ ಟೈರು ಉಳಿಯುವುದಿಲ್ಲ.

ಕಾರು ತಗ್ಗಿದರೆ ಇದು ಏಕಾಗುತ್ತದೆ? ಮಾಡೆಲ್ 3ರ ಹಿಂಭಾಗ ಹಲವು ಕೊಂಡಿಗಳ ಸಸ್ಪೆನ್ಷನ್. ಒಂದೊಂದು ಕೊಂಡಿಯ ಉದ್ದವೂ ಬೇರೆ, ಬಾಡಿಗೆ ಕೂರುವ ಜಾಗವೂ ಬೇರೆ. ಚಕ್ರ ಮೇಲೇರಿದಂತೆ ಪ್ರತಿ ಕೊಂಡಿಯೂ ತನ್ನದೇ ಕಮಾನಿನಲ್ಲಿ ತಿರುಗಿ ಚಕ್ರದ ಮೇಲ್ತುದಿಯನ್ನು ಒಳಕ್ಕೆ ಎಳೆಯುತ್ತದೆ. ತಿರುವಿನಲ್ಲಿ ಬಾಡಿ ವಾಲಿದಾಗ ಟೈರು ಪೂರ್ತಿ ನೆಲಕ್ಕಂಟಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ. ತಗ್ಗಿಸಿದ ಕಾರು ಸುಮ್ಮನೆ ನಿಂತಾಗಲೂ ಆ 'ಮೇಲೇರಿದ' ಸ್ಥಿತಿಯಲ್ಲೇ ಇರುತ್ತದೆ. ಕಾರ್ಖಾನೆಯಿಂದ ಬಂದ ಮಾಡೆಲ್ 3ರಲ್ಲಿ ಮುಂದಿನ ಟೋ, ಹಿಂದಿನ ಟೋ ಮಾತ್ರ ಹೊಂದಿಸಬಹುದು. ಕ್ಯಾಂಬರಿಗೆ ತಿರುಪೇ ಇಲ್ಲ. ಆದ್ದರಿಂದ ತಗ್ಗಿಸುವ ಸ್ಪ್ರಿಂಗನ್ನು ಹಿಂದಿನ ಕ್ಯಾಂಬರ್ ಆರ್ಮ್ ಇಲ್ಲದೆ ಮಾರುವುದು ಅರ್ಧ ಸಾಮಾನು ಮಾರಿದಂತೆ. ಹಿಂದಿನ ಟೋ ಹೊಂದಿಸಲು ಬರುತ್ತಿದ್ದರೂ ಮುಟ್ಟದೆ ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು.

ರಿಮ್ಮಿನ ಲೆಕ್ಕ

ಈ ಕಾರಿನ ಮೂಲ ಅಳತೆಗಳು: ಐದು ಬೋಲ್ಟ್, 114.3 ಮಿ.ಮೀ. ವೃತ್ತ, ನಡುರಂಧ್ರ 64.1 ಮಿ.ಮೀ., ನಟ್ಟು ಎಂ14 × 1.5, ಬಿಗಿತ 175 ನ್ಯೂಟನ್ ಮೀಟರ್. 18 ಇಂಚಿನ ಏರೋ ರಿಮ್ಮು 8.5 ಇಂಚು ಅಗಲ, ಆಫ್‌ಸೆಟ್ 40.

9 ಇಂಚು ಅಗಲ, ಆಫ್‌ಸೆಟ್ 30ರ ರಿಮ್ಮಿಗೆ ಹೋದಾಗ ಎರಡು ಚಲನೆ ಕೂಡಿಕೊಳ್ಳುತ್ತವೆ. ಅರ್ಧ ಇಂಚು ಹೆಚ್ಚಿದ ಅಗಲದಲ್ಲಿ ಹೊರಗೆ 6.35, ಒಳಗೆ 6.35 ಮಿ.ಮೀ. ಆಫ್‌ಸೆಟ್ 10 ಇಳಿದದ್ದರಿಂದ ಇಡೀ ರಿಮ್ಮು 10 ಮಿ.ಮೀ. ಹೊರಕ್ಕೆ. ಕೂಡಿದರೆ ಹೊರ ಅಂಚು 16.35 ಮಿ.ಮೀ. ಆಚೆಗೆ ಬಂತು, ಒಳ ಅಂಚು 3.65 ಮಿ.ಮೀ. ಶಾಕ್‌ನಿಂದ ದೂರ ಸರಿಯಿತು. ಟೈರಿನ ಅಗಲವೂ 235ರಿಂದ 245ಕ್ಕೆ ಏರಿ ಎರಡೂ ಬದಿಗೆ 5 ಮಿ.ಮೀ. ಹೆಚ್ಚಿತು; ಆಫ್‌ಸೆಟ್ಟಿನ 10 ಸೇರಿ ಟೈರಿನ ಹೊರ ಪಕ್ಕ ಸರಿದದ್ದು 15 ಮಿ.ಮೀ. ಹೊರಗೆ 15 ಮಿ.ಮೀ. ಚಾಚಿದ ಟೈರು, 30 ಮಿ.ಮೀ. ಕೆಳಗಿಳಿದ ಮಡ್‌ಗಾರ್ಡು, ಲೈನರಿಗೆ ಉಜ್ಜದೆ ಇನ್ನೇನು ಮಾಡೀತು?

ಟೈರಿನ ವ್ಯಾಸವನ್ನೂ ಯಾರೂ ನೋಡಿರಲಿಲ್ಲ. 235/45 ಆರ್18ರ ವ್ಯಾಸ 668.7 ಮಿ.ಮೀ. ಟೆಸ್ಲಾ ತಾನೇ 19 ಇಂಚಿಗೆ ಹೋದಾಗ 235/40 (670.6), 20 ಇಂಚಿಗೆ ಹೋದಾಗ 235/35 (672.5) ಹಾಕಿ ವ್ಯಾಸವನ್ನು ಹೆಚ್ಚುಕಡಿಮೆ ಅಲ್ಲೇ ನಿಲ್ಲಿಸಿದೆ. 245/35 ಆರ್20 ಆದರೆ 679.5. ಮೂಲಕ್ಕಿಂತ 1.6 ಶೇಕಡಾ ದೊಡ್ಡದು. ಸ್ಪೀಡೋಮೀಟರೂ ಓಡೋಮೀಟರೂ ಅಷ್ಟು ಕಡಿಮೆ ತೋರಿಸುತ್ತವೆ.

ನಡುರಂಧ್ರದ ವಿಷಯ ಚಿಕ್ಕದು, ಕೊಡುವ ಕಾಟ ದೊಡ್ಡದು. ಮಾರುಕಟ್ಟೆಯ ರಿಮ್ಮುಗಳಲ್ಲಿ ರಂಧ್ರ ಹೆಚ್ಚಾಗಿ 73.1 ಮಿ.ಮೀ. ಇರುತ್ತದೆ. ಹಬ್ಬಿನ (ಕಾರಿನಲ್ಲಿ ಚಕ್ರ ಕೂರುವ ನಡುಭಾಗದ) 64.1ಕ್ಕೆ ಕೂರಿಸಲು ನಡುವೆ ಉಂಗುರ ಬೇಕು. ಈ ಕಾರಿನ ನಾಲ್ಕು ಚಕ್ರಗಳಲ್ಲಿ ಮೂರಕ್ಕೆ ಉಂಗುರವಿತ್ತು, ಹಿಂದಿನ ಬಲಕ್ಕೆ ಇರಲಿಲ್ಲ. 65 ಮೈಲಿ ವೇಗದಲ್ಲಿ ಸೀಟಿನಡಿ ಬರುತ್ತಿದ್ದ ನಡುಕವನ್ನು ಬ್ಯಾಲೆನ್ಸ್ ಎಂದು ತಿಳಿದು ಎರಡು ಸಲ ತೂಕದ ಬಿಲ್ಲೆ ಅಂಟಿಸಲಾಗಿತ್ತು.

ಹಳದಿ ದೀಪದ ಕಥೆ ಇನ್ನೂ ಗಂಭೀರ. 2021ರ ಈ ಕಾರಿಗೆ ಬ್ಲೂಟೂತ್ ಒತ್ತಡ ಸೆನ್ಸರ್ ಬೇಕು. ಹಳೆಯ ಮಾಡೆಲ್ 3ಗಳದ್ದು 433 ಮೆಗಾಹರ್ಟ್ಸ್. ಹಾಕಿದ್ದು ಹಳೆಯ ಬಗೆ. ಕಾರಿಗೆ ಸೆನ್ಸರೇ ಕಾಣಲಿಲ್ಲ, ದೀಪ ಉರಿಯುತ್ತಲೇ ಇತ್ತು, ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಯಿತು. ಮಳೆಗಾಲದಲ್ಲಿ ಒಂದು ಗುಂಡಿಗೆ ಬಿದ್ದು ಮುಂದಿನ ಬಲ ರಿಮ್ಮಿನ ಒಳ ಅಂಚು ಬಾಗಿತು. 245/35ರ ಪಕ್ಕದ ಗೋಡೆ ಬರೀ 86 ಮಿ.ಮೀ., ಮೂಲ ಟೈರಿನದು 106. ಆ 20 ಮಿ.ಮೀ. ರಬ್ಬರು ಇದ್ದಿದ್ದರೆ ಪೆಟ್ಟಿನ ಬಹುಪಾಲನ್ನು ಅದು ತಿನ್ನುತ್ತಿತ್ತು. ಬಾಗಿದ ಅಂಚಿನಿಂದ ಗಾಳಿ ನಿಧಾನವಾಗಿ ಸೋರಿ, 42 ಪಿಎಸ್‌ಐ ಇರಬೇಕಾದ ಟೈರು ಪರೀಕ್ಷೆಗೆ ಬಂದ ದಿನ 33ರಲ್ಲಿತ್ತು. ಸುಮಾರು 1,850 ಕೆ.ಜಿ. ತೂಗುವ ಕಾರು. ಇಂಥ ಟೈರಿನ ಹೊರೆ ಸೂಚ್ಯಂಕ (ಒಂದು ಟೈರು ಹೊರಬಲ್ಲ ತೂಕದ ಸಂಕೇತ ಸಂಖ್ಯೆ) ಲೆಕ್ಕ ಹಾಕಿರುವುದೇ 42ರ ಒತ್ತಡದಲ್ಲಿ. ಗಾಳಿ ಇಳಿದರೆ ಹೊರುವ ಶಕ್ತಿಯೂ ಇಳಿಯುತ್ತದೆ. ಅಗ್ಗದ 20 ಇಂಚಿನ ಟೈರು ಕೊಳ್ಳುವವರು ಈ ಸೂಚ್ಯಂಕವನ್ನು ಮೊದಲು ನೋಡಬೇಕು. 92 ಎಂದರೆ 630 ಕೆ.ಜಿ., 96 ಎಂದರೆ 710, 98 ಎಂದರೆ 750. ಬಾಗಿಲ ಕಂಬದ ಚೀಟಿಯಲ್ಲಿರುವ ಆಕ್ಸಲ್ ಹೊರೆಯನ್ನು ಎರಡರಿಂದ ಭಾಗಿಸಿ, ಅದಕ್ಕಿಂತ ಸಾಕಷ್ಟು ಮೇಲಿರುವ ಟೈರನ್ನೇ ಆರಿಸಬೇಕು.

ರೇಂಜ್ ಎಲ್ಲಿ ಹೋಯಿತು

255ರಿಂದ 290 ಎಂದರೆ 13.7 ಶೇಕಡಾ ಹೆಚ್ಚಳ. ಇದನ್ನು ಬಿಡಿಸಿ ನೋಡಬಹುದು.

ಮೊದಲ 1.6 ಶೇಕಡಾ ನಿಜವಾದ ನಷ್ಟವೇ ಅಲ್ಲ. ಟೈರು ದೊಡ್ಡದಾಗಿ ಓಡೋಮೀಟರು ಕಡಿಮೆ ಮೈಲಿ ಎಣಿಸುತ್ತಿತ್ತು, ಅಷ್ಟೆ. ಉಳಿದದ್ದಕ್ಕೆ ಒಳ್ಳೆಯ ಅಳತೆಗೋಲೊಂದು ಸಾರ್ವಜನಿಕ ದಾಖಲೆಯಲ್ಲೇ ಇದೆ. 2020ರಲ್ಲಿ ಇಪಿಎ ಮಾಡೆಲ್ 3 ಪರ್ಫಾರ್ಮೆನ್ಸ್ ಕಾರಿಗೆ ಚಕ್ರದ ಅಳತೆಗೊಂದರಂತೆ ರೇಂಜ್ ಕೊಟ್ಟಿತು: 18 ಇಂಚಿಗೆ 322 ಮೈಲಿ, 19ಕ್ಕೆ 304, 20ಕ್ಕೆ 299. ಅದೇ ಬ್ಯಾಟರಿ, ಅದೇ ಮೋಟಾರು. 18ರಿಂದ 20ಕ್ಕೆ ಹೋದರೆ ಪ್ರತಿ ಮೈಲಿಯ ಖರ್ಚು ಸುಮಾರು 7.7 ಶೇಕಡಾ ಏರಿದಂತಾಯಿತು. ದೊಡ್ಡ ಪಾಲು ಹೋಗುವುದು 18ರಿಂದ 19ಕ್ಕೆ ಜಿಗಿಯುವಾಗಲೇ ಎಂಬುದನ್ನೂ ಗಮನಿಸಬೇಕು. ಏರೋ ಮುಚ್ಚಳ ಹೋಗುವುದು, ಹೆಚ್ಚು ಹಿಡಿಯುವ ಟೈರು ಬರುವುದು ಎರಡೂ ಆಗುವುದು ಅಲ್ಲೇ.

ಇವೆರಡನ್ನೂ ಕಳೆದರೆ 4 ಶೇಕಡಾದಷ್ಟು ಉಳಿಯುತ್ತದೆ. ಅದನ್ನು ಹಂಚಿಕೊಳ್ಳುವುದು ಅಗಲದ ಟೈರು, ಗಾಳಿ ಸಿಕ್ಕಿಸಿಕೊಳ್ಳುವ ತೆರೆದ ಕಡ್ಡಿಗಳ ರಿಮ್ಮು, ಕಡಿಮೆ ಗಾಳಿ ಮತ್ತು ಆ ಟೋ. ಅಡ್ಡಕ್ಕೆ ಉಜ್ಜುವ ಟೈರು ಬ್ರೇಕ್ ಹಿಡಿದಂತೆಯೇ.

ಭಾರವಾದ ರಿಮ್ಮೇ ರೇಂಜ್ ತಿನ್ನುತ್ತದೆ ಎಂದು ಹೇಳುವವರಿದ್ದಾರೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ರಿಮ್ಮಿನ ತೂಕಕ್ಕೆ ಹೆಚ್ಚೇನೂ ಕೆಲಸವಿಲ್ಲ. ಊರೊಳಗೆ ನಿಂತು ಹೊರಡುವಾಗ ಹೆಚ್ಚು ಶಕ್ತಿ ಬೇಕು ನಿಜ, ಆದರೆ ರೀಜೆನ್ ಬ್ರೇಕಿಂಗ್ (ಮೋಟಾರೇ ಜನರೇಟರಾಗಿ ಕಾರನ್ನು ನಿಧಾನಿಸುವುದು) ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ತೂಕದ ನಿಜವಾದ ಪೆಟ್ಟು ಬೀಳುವುದು ಸವಾರಿಯ ಮೇಲೆ: ಭಾರದ ಚಕ್ರ ಗುಂಡಿ ಬಿಟ್ಟು ಏಳುವಾಗ ಶಾಕ್‌ಗೆ ಅದನ್ನು ಹಿಡಿಯಲಾಗುವುದಿಲ್ಲ. ರೇಂಜಿಗಾಗಿ ಹಣ ಹಾಕುವುದಾದರೆ ಮೊದಲು ಟೈರಿಗೆ ಹಾಕಬೇಕು, ಆಮೇಲೆ ರಿಮ್ಮಿಗೆ.

ಸ್ಪ್ರಿಂಗು, ಬಂಪ್ ಸ್ಟಾಪ್, ಬುಷ್

ಮುಂಭಾಗ ಕುಕ್ಕುವುದಕ್ಕೆ ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. ಕಾರು ನಿಂತಾಗ ಬಂಪ್ ಸ್ಟಾಪ್‌ವರೆಗೆ (ಸಸ್ಪೆನ್ಷನ್ನಿನ ಚಲನೆಯನ್ನು ಕೊನೆಯಲ್ಲಿ ತಡೆಯುವ ರಬ್ಬರು) 75 ಮಿ.ಮೀ. ಜಾಗವಿದೆ ಎಂದು ಹಿಡಿಯೋಣ. 30 ತಗ್ಗಿಸಿದರೆ ಉಳಿದದ್ದು 45. ಸ್ಪ್ರಿಂಗು ನುಂಗುವ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅದೇ ಗುಂಡಿಯ ಪೆಟ್ಟನ್ನು 45 ಮಿ.ಮೀ.ನಲ್ಲಿ ನುಂಗಬೇಕಾದರೆ ಸ್ಪ್ರಿಂಗು 2.8 ಪಟ್ಟು ಗಡಸಾಗಬೇಕು. ತಗ್ಗಿಸುವ ಸ್ಪ್ರಿಂಗುಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ, ಹೋದರೆ ಕೂರಲಾಗುವುದಿಲ್ಲ. ಹಾಗಾಗಿ ಕೊರತೆಯನ್ನು ತುಂಬುವುದು ಬಂಪ್ ಸ್ಟಾಪಿನ ರಬ್ಬರು, ಆ 'ಧಡ್' ಅದೇ. 20 ಮಿ.ಮೀ. ಮಾತ್ರ ತಗ್ಗಿಸಿದರೆ 55 ಉಳಿಯುತ್ತದೆ, ಬೇಕಾದ ಗಡಸು 1.9 ಪಟ್ಟು. ಇದೂ ಕಷ್ಟದ್ದೇ, ಆದರೆ ಒಳ್ಳೆಯ ಡ್ಯಾಂಪಿಂಗ್ ಜೊತೆಗಿದ್ದರೆ ನಿಭಾಯಿಸಬಹುದು. ಕೊನೆಯ 10 ಮಿ.ಮೀ. ಕಣ್ಣಿಗೆ ಕಾಣುವುದು ಕಡಿಮೆ, ಬೆನ್ನಿಗೆ ತಿಳಿಯುವುದು ಹೆಚ್ಚು.

ಬುಷ್‌ಗಳ ತಪ್ಪು ಯಂತ್ರದಲ್ಲಿ ಕಾಣುವಂಥದ್ದಲ್ಲ. ಕೊಂಡಿಗಳ ತುದಿಯ ರಬ್ಬರ್ ಬುಷ್ ಬೇರಿಂಗಿನಂತೆ ಜಾರುವುದಿಲ್ಲ. ನಡುವಿನ ಉಕ್ಕಿನ ಕೊಳವೆಯನ್ನು ಬೋಲ್ಟು ಕಚ್ಚಿ ಹಿಡಿಯುತ್ತದೆ, ಸುತ್ತಲಿನ ರಬ್ಬರು ತಿರುಚಿಕೊಂಡು ಚಲನೆ ಕೊಡುತ್ತದೆ. ಕಾರು ಲಿಫ್ಟಿನಲ್ಲಿ, ಚಕ್ರ ಜೋತುಬಿದ್ದಿರುವಾಗ ಬೋಲ್ಟು ಬಿಗಿ ಮಾಡಿದರೆ ರಬ್ಬರಿಗೆ ಅದೇ 'ನೆಟ್ಟಗಿನ' ಸ್ಥಿತಿ. ನೆಲಕ್ಕಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಕಾರನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಕೆಲವು ತಿಂಗಳಲ್ಲಿ ಸೀಳುತ್ತದೆ.

ಇಲ್ಲಿ ಆದದ್ದೂ ಅದೇ. ಕಾರನ್ನು ನಾಲ್ಕು ಚಕ್ರದ ಮೇಲೆ ಅಲೈನ್‌ಮೆಂಟ್ ರ‍್ಯಾಂಪಿನಲ್ಲಿ ನಿಲ್ಲಿಸಿ, ಹಿಂದಿನ ಎಡ ಕೊಂಡಿಯ ಒಳ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದಾಗ 'ಟಕ್' ಎಂದು ಒಂದು ಸದ್ದು. ಬೋಲ್ಟಿನ ತಲೆ ಸ್ಪ್ಯಾನರಿನೊಳಗೇ ಒಂದಿಷ್ಟು ತಿರುಗಿತು. ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಹಿಡಿದಿದ್ದ ಅಳತೆಪಟ್ಟಿ 6 ಮಿ.ಮೀ. ಕಡಿಮೆ ತೋರಿಸಿತು. ಕಾರು ಇಷ್ಟು ದಿನ ಆ 6 ಮಿ.ಮೀ.ನ್ನು ಸ್ಪ್ರಿಂಗಿನ ಮೇಲಲ್ಲ, ತಿರುಚಿದ ರಬ್ಬರಿನ ಮೇಲೆ ಹೊತ್ತಿತ್ತು. ಬುಷ್ ಸಡಿಲಿಸದೆ ಅಲೈನ್‌ಮೆಂಟ್ ಮಾಡಿದ್ದರೆ ಆ ಅಂಕಿಗಳೆಲ್ಲ ಸುಳ್ಳಾಗುತ್ತಿದ್ದವು.

ಎಷ್ಟು ತಗ್ಗಿಸಬಹುದು

ಮಾಡೆಲ್ 3ರ ನೆಲದಂತರ 140 ಮಿ.ಮೀ. ಕೆಳಗಿರುವುದು ಚಪ್ಪಟೆಯಾದ ಬ್ಯಾಟರಿ ಪ್ಯಾಕು. ಪೆಟ್ರೋಲ್ ಕಾರಿನ ತಳ ಒಂದು ಕಡೆ ತಾಗಿದರೆ ಸೈಲೆನ್ಸರ್ ಹೋಗುತ್ತದೆ. ಇಲ್ಲಿ ಇಡೀ ತಳವೂ ಕಾರಿನ ಅತಿ ದುಬಾರಿ ಭಾಗ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 24008ನೇ ಕಲಮಿನ ಪ್ರಕಾರ ಬದಲಾವಣೆ ಮಾಡಿದ ಕಾರಿನ ಯಾವ ಭಾಗವೂ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಬರಬಾರದಿತ್ತು; 2024ರ ಜನವರಿಯಿಂದ ಆ ಕಲಮು ರದ್ದಾಗಿದೆ. 18 ಇಂಚಿನ ಮೇಲೆ ಆ ಅಂಚು ನೆಲದಿಂದ ಸುಮಾರು 8 ಸೆಂ.ಮೀ. ಮೇಲಿರುತ್ತದೆ, ಆದ್ದರಿಂದ 20 ಅಥವಾ 30 ಮಿ.ಮೀ. ತಗ್ಗಿಸಿದರೆ ಆಗಲೂ ಆ ಕಲಮಿನ ತೊಡಕಿರಲಿಲ್ಲ.

ಫ್ರೀಮಾಂಟ್ ಇರುವ ಬೇ ಏರಿಯಾದಲ್ಲಿ ಇಂಥ ಕಾರು ನೋಡಿ ಊರಿನ ವಿದ್ಯುತ್ ಕಾರಿಗೂ ಹೀಗೇ ಮಾಡಿಸಬಹುದೇ ಎಂದು ಕೇಳುವವರಿದ್ದಾರೆ. ಅಳತೆ ಹಿಡಿದು ನೋಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಕಮಾನು. ಮಾಡೆಲ್ 3ರಂತೆ 2,875 ಮಿ.ಮೀ. ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರದ) ಕಾರು ಅದರ ನೆತ್ತಿಯ ಮೇಲೆ ಸಮನಾಗಿ ನಿಂತಾಗ ಚಕ್ರಗಳೂ ಕಮಾನಿನ ಮೇಲೇ ಇರುತ್ತವೆ, ನಡುವೆ ಉಬ್ಬುವುದು 60 ಮಿ.ಮೀ. ಮಾತ್ರ. 140ರಲ್ಲಿ 80 ಉಳಿಯುತ್ತದೆ, 30 ತಗ್ಗಿಸಿದ್ದರೆ 50. ಐದು ಜನ ಕೂತು ಕಾರು ಇನ್ನೂ ಕುಗ್ಗಿದರೂ ನಿಧಾನಕ್ಕೆ ದಾಟಬಹುದು. ಆದರೆ ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದ ಹಂಪುಗಳು ಇಂಥವಲ್ಲ. ಅವು ಒಂದು ಮೀಟರೂ ಅಗಲವಿಲ್ಲದ ದಿಬ್ಬಗಳು. ಇಡೀ ಹಂಪು ಎರಡು ಚಕ್ರಗಳ ನಡುವೆ ಬಂದು ಕೂರುತ್ತದೆ, ಅದರ ಪೂರ್ತಿ ಎತ್ತರ ಪ್ಯಾಕಿನ ತಳಕ್ಕೆ ಎದುರಾಗುತ್ತದೆ. ಎತ್ತರ 12 ಸೆಂ.ಮೀ. ಆದರೂ ಸಾಕು, 110 ಮಿ.ಮೀ.ಗೆ ತಗ್ಗಿಸಿದ ಕಾರು ಹೊಟ್ಟೆ ಉಜ್ಜದೆ ದಾಟದು. ಕಾನೂನೂ ಅಡ್ಡ ಬರುತ್ತದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಭಾರತದಲ್ಲಿ ತಗ್ಗಿಸುವುದನ್ನು ಬಿಟ್ಟುಬಿಡುವುದೇ ಸರಿ. ತಯಾರಕರು ಅದೇ ಮಾದರಿಗೆ ಕೊಡುವ ಅಳತೆಗಳೊಳಗೆ ಚಿಕ್ಕ ರಿಮ್ಮು, ದಪ್ಪ ಟೈರು ಆರಿಸಿದರೆ ನಮ್ಮ ರಸ್ತೆಗೂ ಬ್ಯಾಟರಿಗೂ ಒಳ್ಳೆಯದು.

ಮತ್ತೆ ಕಟ್ಟಿದ ರೀತಿ

ಮಾಲೀಕರಿಗೆ ಕಾರು ತಗ್ಗಾಗಿಯೇ ಕಾಣಬೇಕಿತ್ತು. ಅದನ್ನು ಬಿಡಿಸುವ ಅಗತ್ಯವಿರಲಿಲ್ಲ. ಕಣ್ಣು ನೋಡುವುದು ಟೈರಿನ ನೆತ್ತಿಗೂ ಮಡ್‌ಗಾರ್ಡಿಗೂ ನಡುವಿನ ಸಂದು. ಅದನ್ನು ಮುಚ್ಚುವುದು ಎತ್ತರ, ರಿಮ್ಮಿನ ಇಂಚಲ್ಲ. 20 ಇಂಚಿನ ಆ ಟೈರಿನ ದೊಡ್ಡ ವ್ಯಾಸ ಸಂದಿನಲ್ಲಿ ತುಂಬಿದ್ದು 5 ಮಿ.ಮೀ. ಮಾತ್ರ.

ಆರಿಸಿದ್ದು: 18 × 8.5 ರಿಮ್ಮು, ಆಫ್‌ಸೆಟ್ 35, ಮೂಲಕ್ಕಿಂತ 5 ಮಿ.ಮೀ. ಹೊರಗೆ. ನಡುರಂಧ್ರ 64.1ಕ್ಕೇ ಕೊರೆದದ್ದು, ಉಂಗುರದ ಗೊಡವೆ ಇಲ್ಲ. ಟೈರು 235/45 ಆರ್18, ಸೂಚ್ಯಂಕ 98. ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ (ಸ್ಪ್ರಿಂಗು, ಶಾಕ್ ಜೊತೆಯಾಗಿ ಬರುವ) ಸೆಟ್, ಆಲ್ ವೀಲ್ ಡ್ರೈವ್ ಮಾದರಿಯದೇ. ಮುಂದೆ ಮೋಟಾರಿಲ್ಲದ ಕಾರಿನ ಹೊರೆ ಬೇರೆ, ಅದರ ಸೆಟ್ಟೂ ಬೇರೆ. ಹಿಂದಕ್ಕೆ ಹೊಂದಿಸಬಹುದಾದ ಕ್ಯಾಂಬರ್ ಆರ್ಮ್ ಎರಡು, ಟೋ ಆರ್ಮ್ ಎರಡು. ಬ್ಲೂಟೂತ್ ಸೆನ್ಸರ್ ನಾಲ್ಕು. ಹಳೆಯ ರಿಮ್ಮು ಕೊಳ್ಳುವವರಿಗೆ ಒಂದು ಎಚ್ಚರಿಕೆ: ಹಳೆಯ ಪರ್ಫಾರ್ಮೆನ್ಸ್ ಮಾದರಿಯ ಮುಂದಿನ ಡಿಸ್ಕ್ 355 ಮಿ.ಮೀ., ಲಾಂಗ್ ರೇಂಜಿನದು 320. ಪರ್ಫಾರ್ಮೆನ್ಸಿನ ಡಿಸ್ಕಿನ ನಡುವೆ ಒಂದು ಮೆಟ್ಟಿಲಿದೆ, ಸಾದಾ ಏರೋ ರಿಮ್ಮು ಅದರ ಮೇಲೆ ಸಮನಾಗಿ ಕೂರುವುದಿಲ್ಲ.

ಬಿಚ್ಚುವ ಮೊದಲು ಸಮತಟ್ಟು ನೆಲದಲ್ಲಿ, ಸರಿಯಾದ ಗಾಳಿಯಲ್ಲಿ, ನಾಲ್ಕೂ ಕಡೆ ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಇರುವ ಅಳತೆ ಬರೆದುಕೊಳ್ಳಲಾಯಿತು. ಎತ್ತುವುದು ಗುರುತಿಸಿದ ನಾಲ್ಕು ಜಾಕ್ ಪಾಯಿಂಟುಗಳಲ್ಲಿ ಮಾತ್ರ, ರಂಧ್ರಕ್ಕೆ ಕೂರುವ ರಬ್ಬರ್ ಬಿಲ್ಲೆ ಇಟ್ಟು. ಜಾಕಿನ ತಟ್ಟೆ ಒಳಕ್ಕೆ ಸರಿದು ಪ್ಯಾಕಿನ ತಳಕ್ಕೆ ಒತ್ತಿದರೆ ಆಗುವ ಹಾನಿ ಯಾವ ಸ್ಪ್ರಿಂಗಿನ ಬೆಲೆಗೂ ಹೋಲಿಸುವಂಥದ್ದಲ್ಲ.

ಮುಂದಿನ ಶಾಕ್ ತೆಗೆಯುವಾಗ ವೇಗ ಸೆನ್ಸರಿನ ತಂತಿಯನ್ನೂ ಬ್ರೇಕ್ ಹೋಸನ್ನೂ ಕೊಂಡಿಯಿಂದ ಬಿಡಿಸಬೇಕು. ಹಬ್ಬು ಹೋಸಿನ ಮೇಲೆ ಜೋತಾಡಬಾರದು. ಹೇಗೂ ಕೈ ಅಲ್ಲಿರುವಾಗ ಮುಂದಿನ ಮೇಲಿನ ಆರ್ಮಿನ ಬಾಲ್ ಜಾಯಿಂಟನ್ನು ನೋಡಬೇಕು. ವಿಂಡ್‌ಶೀಲ್ಡ್ ಬುಡದ ನೀರು ಅದರ ಮೇಲೆ ತೊಟ್ಟಿಕ್ಕಿ ಒಳಗಿಳಿದು ಕಿರ್ ಕಿರ್ ಎನ್ನುವುದು ಈ ಕಾರಿನ ಹಳೆಯ ರೋಗ. ಇಲ್ಲಿ ಬಲಗಡೆಯದು ಒಣಗಿ ಬಿಗಿಯಾಗಿತ್ತು, ಆರ್ಮ್ ಬದಲಾಯಿತು. ಬೋಲ್ಟುಗಳ ಬಿಗಿತ, ಯಾವುದನ್ನು ಮರುಬಳಸಬಾರದು ಎಂಬ ವಿವರ ಎಲ್ಲವೂ ಟೆಸ್ಲಾದ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿದೆ. ಅದು ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಊಹೆ ಮಾಡುವ ಅಗತ್ಯವೇ ಇಲ್ಲ.

ಹೊಸ ಆರ್ಮ್‌ಗಳನ್ನು ಹಳೆಯದರ ಪಕ್ಕ ಬೋಲ್ಟ್ ರಂಧ್ರದ ನಡುವಿಗೆ ನಡು ಹಿಡಿದು ಅದೇ ಉದ್ದಕ್ಕೆ ತಂದು ಜೋಡಿಸಲಾಯಿತು. ಎಲ್ಲ ಬೋಲ್ಟು ಕೈಬಿಗಿ ಮಾತ್ರ. ನಂತರ ಕಾರನ್ನು ಇಳಿಸಿ, ಸ್ವಲ್ಪ ಉರುಳಿಸಿ, ನಾಲ್ಕು ಮೂಲೆಯನ್ನೂ ಒತ್ತಿ ಕೂರಿಸಿ, ಎತ್ತರವನ್ನು ಮೂಲಕ್ಕಿಂತ 20 ಮಿ.ಮೀ. ಕೆಳಗೆ ಹೊಂದಿಸಲಾಯಿತು. ಕೊನೆಯ ಬಿಗಿತ ಕೊಟ್ಟದ್ದು ಆಮೇಲೆ, ರ‍್ಯಾಂಪಿನ ಮೇಲೆ, ಕಾರಿನ ಭಾರ ಚಕ್ರದ ಮೇಲಿರುವಾಗ. ರ‍್ಯಾಂಪ್ ಇಲ್ಲದವರು ಹಬ್ಬಿನಡಿ ಜಾಕ್ ಕೊಟ್ಟು, ಬರೆದುಕೊಂಡ ಅಳತೆಯಲ್ಲಿ 20 ಕಳೆದು, ಅಷ್ಟಾಗುವವರೆಗೆ ಎತ್ತಿ ಬಿಗಿ ಮಾಡಬಹುದು.

ಅಲೈನ್‌ಮೆಂಟಿನಲ್ಲಿ ಕ್ಯಾಂಬರ್ ಮೊದಲು, ಟೋ ಆಮೇಲೆ. ಕ್ಯಾಂಬರ್ ಆರ್ಮ್ ತಿರುಗಿಸಿದರೆ ಟೋ ತಾನಾಗಿ ಕೆಡುತ್ತದೆ. ಹಿಂದೆ ಕ್ಯಾಂಬರ್ ಮೈನಸ್ 1.5, ಟೋ ಎರಡೂ ಕಡೆ 0.10 ಒಳಮುಖ. ಟೋ ಸೊನ್ನೆ ಮಾಡಿದರೆ ಟೈರು ಇನ್ನೂ ಬಾಳುತ್ತದೆ ಎನ್ನಿಸಬಹುದು, ಆದರೆ ರೀಜೆನ್ ಹಿಡಿದಾಗ ಹಿಂದಿನ ಬುಷ್‌ಗಳು ಬಾಗಿ ಚಕ್ರ ಹೊರಮುಖವಾದರೆ ಕಾರು ಹಿಂದಿನಿಂದ ತಡವರಿಸುತ್ತದೆ. ಆ 0.10 ಸ್ಥಿರತೆಗೆ ಕೊಡುವ ಬೆಲೆ: ಕಿಲೋಮೀಟರಿಗೆ 1.75 ಮೀಟರ್ ಉಜ್ಜಾಟ.

ಉಳಿದದ್ದು ಪರದೆಯ ಕೆಲಸ. ಸರ್ವಿಸ್ ಮೆನುವಿನಲ್ಲಿ ಚಕ್ರದ ಅಳತೆಯನ್ನು 18ಕ್ಕೆ ಬದಲಿಸಬೇಕು, ಇಲ್ಲದಿದ್ದರೆ ರೇಂಜ್ ಅಂದಾಜು ಹಳೆಯ ಚಕ್ರದ್ದೇ ಉಳಿಯುತ್ತದೆ. ಅಲ್ಲೇ ಹೆಡ್‌ಲೈಟಿನ ಎತ್ತರ ಹೊಂದಿಸಬೇಕು. ಕ್ಯಾಮೆರಾ ಕ್ಯಾಲಿಬ್ರೇಷನ್ ಅಳಿಸಿ ಹೊಸದಾಗಿ ಮಾಡಿಸಬೇಕು. ಗೆರೆ ಸ್ಪಷ್ಟವಿರುವ ರಸ್ತೆಯಲ್ಲಿ ಸಾಮಾನ್ಯವಾಗಿ 20ರಿಂದ 25 ಮೈಲಿ ಸಾಕು. ನಟ್ಟುಗಳನ್ನು 50 ಮೈಲಿಯ ನಂತರ ಮತ್ತೆ 175ಕ್ಕೆ ಪರೀಕ್ಷಿಸಲಾಯಿತು. 500 ಮೈಲಿಗೆ ಸ್ಪ್ರಿಂಗು 3 ಮಿ.ಮೀ. ಕೂತಿತ್ತು, ಅಲೈನ್‌ಮೆಂಟ್ ಇನ್ನೊಮ್ಮೆ ಆಯಿತು. ಆ ಎರಡನೇ ಅಲೈನ್‌ಮೆಂಟಿನ ಹಣ ಉಳಿಸಲು ಹೋಗುವವರೇ ಹೆಚ್ಚು, ಟೈರು ಕಳೆದುಕೊಳ್ಳುವವರೂ ಅವರೇ.

ಈಗ ಕಾರು ಮೈಲಿಗೆ 264 ವ್ಯಾಟ್-ಅವರ್ ತಿನ್ನುತ್ತಿದೆ. ಏರೋ ಮುಚ್ಚಳವಿಲ್ಲದ ರಿಮ್ಮು, ಹಾಗಾಗಿ 255ಕ್ಕೆ ಇಳಿಯಲಿಲ್ಲ. ಹಳದಿ ದೀಪ ಆರಿದೆ. ಡ್ರೈವ್‌ವೇಯಲ್ಲಿ ಉಜ್ಜುವುದಿಲ್ಲ. 5,000 ಮೈಲಿಗೆ ಹಿಂದಿನ ಟ್ರೆಡ್ ಹೊರಗೆ 6.6, ನಡುವೆ 6.5, ಒಳಗೆ 6.2 ಮಿ.ಮೀ. ಅಂಗೈ ಎರಡೂ ದಿಕ್ಕಿಗೆ ನುಣುಪಾಗಿ ಜಾರುತ್ತದೆ. ಮುಂದಿನ ತಪಾಸಣೆ 7,500ಕ್ಕೆ, ಚಕ್ರಗಳನ್ನು ಹಿಂದೆಮುಂದೆ ಮಾಡುವಾಗ.